ಆಂಬುಲೆನ್ಸ್ ಚಾಲಕನ ಫೋನಿಗೆ ದರ ನಿಗದಿಪಡಿಸಿದ ಬಗ್ಗೆ

ನೌಕರನ ಫೋನಿನ ಬೆಲೆಯು ಅವನ ಮೇಲಧಿಕಾರಿಯ ಫೋನಿನ ಬೆಲೆಗಿಂತ ಕಡಿಮೆ ಇರತಕ್ಕದ್ದು ಎಂಬುದು ಆ ಆಸ್ಪತ್ರೆಯ ನಿಯಮ. ಅದನ್ನು ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದನ್ನು ಮುರಿಯಲು ಯಾರನ್ನು ಕೇಳಬೇಕೆಂಬುದೂ ಗೊತ್ತಿರಲಿಲ್ಲ.

ಆಸ್ಪತ್ರೆಗಿದ್ದದ್ದು ಒಂದೇ ಆಂಬುಲೆನ್ಸ್. ಅದರ ಸೈರನ್ ಕೆಟ್ಟಾಗಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ತಾನೇ ಕೂಗುತ್ತಿದ್ದ ಚಾಲಕನನ್ನು ಎಲ್ಲರೂ ಸೈರನ್ನಣ್ಣ ಎನ್ನುತ್ತಿದ್ದರು. ಆಸ್ಪತ್ರೆ ಕೊಟ್ಟಿದ್ದ ಅವನ ಫೋನು ಒಂದು ದಿನ ಸ್ಟ್ರೆಚರಿನ ಚಕ್ರಕ್ಕೆ ಸಿಕ್ಕಿ, ಅದರ ಪರದೆ ಪುಡಿಯಾಯಿತು. ಮಾತು ಕೇಳಿಸುತ್ತಿತ್ತು, ಮ್ಯಾಪು ಮಾತ್ರ ಕಾಣದು. ರೋಗಿಯ ಮನೆ ಎಲ್ಲಿ ಅಂತ ಅಂಗಡಿ ಅಂಗಡಿಯಲ್ಲಿ ಕೇಳಿಕೊಂಡು ಹೋಗುವಷ್ಟರಲ್ಲಿ ತಡವಾಗುತ್ತಿತ್ತು. ತಡವಾಯಿತೆಂದು ಆಗಲೇ ಎರಡು ದೂರು ಬಿದ್ದಿದ್ದವು. ಮೂರನೆಯದು ಬಂದರೆ ಕೆಲಸದಿಂದ ವಜಾ ಎಂದು ನೋಟಿಸು ಬಂತು. ಸ್ವಂತ ಫೋನು ಬಳಸೋಣವೆಂದರೆ, ಅದಕ್ಕೆ ರೋಗಿಯ ವಿಳಾಸ ಕಳಿಸುವುದು ಗೋಪ್ಯತೆಯ ಉಲ್ಲಂಘನೆ.

"ರೀ, ಬೀದಿಯಲ್ಲಿ ಊರೆಲ್ಲ ಎದ್ದು ಕೂರೋ ಹಾಗೆ ಕೂಗ್ತೀರಿ. ಆಫೀಸಲ್ಲಿ ಒಂದು ಫೋನು ಕೇಳೋಕೆ ಬಾಯಿ ಬಿದ್ದುಹೋಗಿದೆಯಾ?" ಎಂದಳು ಹೆಂಡತಿ.

ಕೇಳಿದ. ಕೇಳಿದ ತಪ್ಪಿಗೆ ಸಭೆ ಸೇರಿತು.

"ಎಷ್ಟರದ್ದು ಬೇಕಪ್ಪಾ?" ಎಂದು ಲೆಕ್ಕಾಧಿಕಾರಿ ವಿಚಾರಿಸಿದರು.

"ದಾರಿ ಕಾಣಿಸಿದ್ರೆ ಸಾಕು ಸಾರ್. ಹತ್ತು ಸಾವಿರದ್ದು ಧಾರಾಳವಾಯ್ತು."

ಸಭೆ ಗರಬಡಿದಂತೆ ಕೂತಿತು. ಚಾಲಕನ ಮೇಲಿರುವ ವಾಹನ ಮೇಲ್ವಿಚಾರಕರ ಫೋನು ಒಂಬತ್ತು ಸಾವಿರದ್ದು.

"ನನಗೇನೂ ಆಸೆಯಿಲ್ಲ," ಎಂದರು ಮೇಲ್ವಿಚಾರಕರು ನೊಂದ ದನಿಯಲ್ಲಿ. "ಆದರೆ ನಿಯಮ ಅಂತ ಒಂದಿದೆಯಲ್ಲ."

ನಿಯಮವನ್ನು ಗೌರವಿಸಿ ಮೇಲ್ವಿಚಾರಕರಿಗೆ ಇಪ್ಪತ್ತು ಸಾವಿರದ್ದು ಮಂಜೂರಾಯಿತು. ಅದರಿಂದ ಲೆಕ್ಕಾಧಿಕಾರಿಗಳು ಅನಿವಾರ್ಯವಾಗಿ ನಲವತ್ತಕ್ಕೆ ಏರಬೇಕಾಯಿತು. ಅವರ ಮೇಲಿನ ಆಡಳಿತಾಧಿಕಾರಿಗಳಿಗೆ ಎಂಥದ್ದು ಕೊಡಬೇಕೆಂದು ತಲೆ ಕೆಡಿಸಿಕೊಂಡು, ಕೊನೆಗೆ ಬಟ್ಟೆಯ ಹಾಗೆ ಮಡಚಿಡುವ ಒಂದನ್ನು ಗೊತ್ತುಮಾಡಲಾಯಿತು. "ಇದೆಲ್ಲ ಯಾಕೆ ಬೇಕಿತ್ತು," ಎಂದು ಅವರು ಬಹಳ ಸಂಕೋಚದಿಂದ ಬಣ್ಣ ಆರಿಸಿದರು.

ಸೈರನ್ನಣ್ಣ ಕೈಮುಗಿದ. "ಸಾರ್, ಇಷ್ಟೆಲ್ಲ ತೊಂದರೆ ಯಾಕೆ? ನನಗೆ ಎಂಟು ಸಾವಿರದ್ದೇ ಕೊಟ್ಟುಬಿಡಿ. ಯಾರದ್ದೂ ಬದಲಾಯಿಸೋದು ಬೇಡ."

ಆಡಳಿತಾಧಿಕಾರಿಗಳು ಕೆಂಡವಾದರು. "ಜನರ ಪ್ರಾಣದ ವಿಷಯದಲ್ಲಿ ಅಗ್ಗದ ಮಾಲೇ? ಮನುಷ್ಯತ್ವ ಇದೆಯೇನಯ್ಯಾ ನಿನಗೆ?"

ಹೌದಲ್ಲ, ಎಂಥಾ ಮಾತಾಡಿಬಿಟ್ಟೆ ಎಂದು ಅವನಿಗೆ ನಾಚಿಕೆಯಾಯಿತು.

ಖರೀದಿಯು ಜ್ಯೇಷ್ಠತೆಯ ಪ್ರಕಾರ ಮೇಲಿನಿಂದ ಶುರುವಾಗಿ ಕೆಳಕ್ಕಿಳಿಯಿತು. ಚಾಲಕನ ಹತ್ತಿರ ಬರುವಾಗ ಅನುದಾನಕ್ಕೆ ಏದುಸಿರು. ಉಳಿದ ಹಣಕ್ಕೆ ಫೋನಿನ ಒಂದು ಕವರ್ ಬಂತು, ಒಳ್ಳೆಯ ದಪ್ಪ ಕವರ್. "ಚಾಲಕರಿಗೆ ಫೋನ್ ಒದಗಿಸುವ ಯೋಜನೆಯ ಮೊದಲ ಹಂತ ಯಶಸ್ವಿಯಾಗಿ ಪೂರ್ಣಗೊಂಡಿದೆ. ಎರಡನೇ ಹಂತದಲ್ಲಿ, ಕವರಿನೊಳಗೆ ಇಡತಕ್ಕ ವಸ್ತುವನ್ನು ಒದಗಿಸಲಾಗುವುದು" ಎಂದು ಪ್ರಕಟಣೆ ಹೊರಟಿತು.

"ಸಾರ್, ಅಷ್ಟರಲ್ಲಿ ಮೂರನೇ ದೂರು ಬಂದ್ರೆ ನನ್ನ ಗತಿ?" ಎಂದು ಕವರ್ ಹಿಡಿದುಕೊಂಡು ಕೇಳಿದ.

"ನಿನ್ನ ಕಷ್ಟ ನಮಗೆ ಗೊತ್ತಾಗಲ್ವೇನೋ? ನಾವೇನು ಕಲ್ಲೇ?" ಎಂದ ಆಡಳಿತಾಧಿಕಾರಿಗಳು ಆ ಸಂಜೆಯೇ ಆಸ್ಪತ್ರೆಯ ಗೇಟಿಗೆ ಸೂಚನೆ ಅಂಟಿಸಿದರು:

"ತುರ್ತು ಸಂದರ್ಭದಲ್ಲಿ ರೋಗಿಯ ಕಡೆಯವರೊಬ್ಬರು ಖುದ್ದಾಗಿ ಆಸ್ಪತ್ರೆಗೆ ಬಂದು, ಚಾಲಕನ ಪಕ್ಕದಲ್ಲಿ ಕುಳಿತು, ಮನೆಯ ದಾರಿ ತೋರಿಸತಕ್ಕದ್ದು. ಮನೆಯಿಂದ ಹತ್ತಿಸಿಕೊಂಡವರನ್ನು ಮಾತ್ರ ಆಂಬುಲೆನ್ಸ್ ರೋಗಿ ಎಂದು ಪರಿಗಣಿಸಲಾಗುವುದು. ಸದರಿ ರೋಗಿಯು ಗಾಡಿ ಹತ್ತುವ ಮುಂಚಿನ ವಿಳಂಬಕ್ಕೆ ಆಸ್ಪತ್ರೆ ಹೊಣೆಯಲ್ಲ."

ಜನ ಎರಡು ದಿನ ಗೊಣಗಿದರು, ಆಮೇಲೆ ಒಗ್ಗಿಕೊಂಡರು. ಮುಂಚೆ ಆಂಬುಲೆನ್ಸ್ ಬರುತ್ತೋ ಇಲ್ಲವೋ ಎಂಬ ಆತಂಕವಿತ್ತು, ಈಗ ನಾವೇ ಕರೆದುಕೊಂಡು ಹೋಗುವುದರಿಂದ ನೆಮ್ಮದಿ ಎಂದು ಹಲವರು ಹೊಗಳಿದರು. ದೂರುಗಳು ನಿಂತವು. ಸೈರನ್ನಣ್ಣನ ಮನೆಯಲ್ಲಿ ಒಲೆ ಉರಿಯುತ್ತಲೇ ಇತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯ ಗೇಟಿನಲ್ಲಿ ಒಬ್ಬರು ಮುದುಕರು ಎದೆ ಹಿಡಿದುಕೊಂಡು ಆಟೋದಿಂದ ಇಳಿದರು. ಒಂದು ಕಾಲದಲ್ಲಿ ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟ ದರ್ಜಿ. ಮುಖವೆಲ್ಲ ಬೆವರು.

"ರೋಗಿ ಎಲ್ಲಿದ್ದಾರೆ ಯಜಮಾನ್ರೇ?" ಎಂದು ಸೈರನ್ನಣ್ಣ ಕೇಳಿದ.

"ನಾನೇ ಕಣಪ್ಪಾ. ಮನೇಲಿ ಇನ್ಯಾರೂ ಇಲ್ಲ. ದಾರಿ ತೋರಿಸೋಕೆ ನಾನೇ ಬಂದೆ."

ಹತ್ತು ಹೆಜ್ಜೆಯಾಚೆ ತುರ್ತು ಚಿಕಿತ್ಸೆಯ ಬಾಗಿಲು ತೆರೆದೇ ಇತ್ತು. ಸೈರನ್ನಣ್ಣ ಅವರ ತೋಳು ಹಿಡಿದು ಅತ್ತ ಎರಡು ಹೆಜ್ಜೆ ಇಟ್ಟದ್ದು ನಿಜ. ಮೇಲ್ವಿಚಾರಕರು ಅಡ್ಡ ಬಂದರು.

"ಏನಯ್ಯಾ ಇದು! ಇವರನ್ನ ದಾರಿ ತೋರಿಸೋರು ಅಂತ ಬರ್ಕೊಂಡಾಗಿದೆ. ಒಳಗೆ ಬಿಟ್ಟರೆ ಮನೇಲಿರೋ ರೋಗಿಯನ್ನ ತರೋರು ಯಾರು? ಕೆಲಸ ಬೇಕೋ ಬೇಡ್ವೋ ನಿನಗೆ?"

ಸೈರನ್ನಣ್ಣ ಹಿಡಿದಿದ್ದ ತೋಳು ಬಿಟ್ಟ. ಊರಿಗೆಲ್ಲ ಕೇಳುವಂತೆ ಕೂಗುವವನು ಮೆಲ್ಲಗೆ "ಬೇಕು ಸಾರ್" ಎಂದ.

ಮುದುಕರೇ ಸಮಾಧಾನ ಹೇಳಿದರು. "ಹೋಗಲಿ ಬಿಡಪ್ಪಾ. ಪಾಪ, ನನ್ನಿಂದ ನಿನ್ನ ಅನ್ನಕ್ಕೆ ಕಲ್ಲು ಬೀಳೋದು ಬೇಡ. ರೂಲ್ಸು ಅಂದ್ಮೇಲೆ ರೂಲ್ಸು. ನಡಿ, ಹೀಗೆ ಎಡಕ್ಕೆ ತಗೋ."

ದಾರಿಯನ್ನು ಅವರು ಬಹಳ ಚೆನ್ನಾಗಿ ತೋರಿಸಿದರು. ಉಬ್ಬು ಬಂದಲ್ಲಿ ನಿಧಾನ ಎಂದು ಎಚ್ಚರಿಸಿದರು. ಮನೆ ತಲುಪಿ, ತಾವೇ ಬೀಗ ತೆಗೆದು, ಹಾಸಿಗೆಯ ಮೇಲೆ ಮಲಗಿ, ಈಗ ಎತ್ತಿಕೋ ಎಂದರು. ವಾಪಸು ಬರುವಾಗ ದಾರಿ ತೋರಿಸುವ ಅಗತ್ಯವಿರಲಿಲ್ಲ, ಅವರೂ ತೋರಿಸಲಿಲ್ಲ.

ಅರ್ಧ ಗಂಟೆ ಮುಂಚೆ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು.

ತಡವಾಯಿತೆಂದು ದೂರು ಕೊಡಲು ಅವರ ಕಡೆಯವರು ಯಾರೂ ಇರಲಿಲ್ಲ. ತಿಂಗಳ ಕೊನೆಗೆ, ಆ ತಿಂಗಳಿಡೀ ಒಂದೂ ದೂರಿಲ್ಲದೆ ಸೇವೆ ಸಲ್ಲಿಸಿದ ಚಾಲಕನಿಗೆ ಸಭೆಯಲ್ಲಿ ಶಾಲು ಹೊದಿಸಲಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತು ಬಿಟ್ಟು ಸೈರನ್ನಣ್ಣನೂ ತಟ್ಟಿದ.