ಎದುರುಮನೆಯ ಆ್ಯಂಡ್ರೊಮಿಡಾ

ಈ ಸಲ ಒಂದಿಂಚೂ ಹೆಚ್ಚುಕಮ್ಮಿ ಆಗಕೂಡದೆಂದು ಪುಟ್ಟಿಯ ಅಮ್ಮ ಪಣ ತೊಟ್ಟಿದ್ದಳು. ಹೋದ ವರ್ಷ ಪುಟ್ಟಿಯ ಸೌರಮಂಡಲ ‘ಅಳತೆ ಸರಿಯಿಲ್ಲ’ ಎಂದು ಶಾಲೆಯ ಪ್ರದರ್ಶನದಿಂದ ವಾಪಸು ಬಂದು, ಮಗು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಇವತ್ತು ಸಂಜೆ ಐದರೊಳಗೆ ಹೊಸ ಮಾದರಿಯ ಫೋಟೋ ಮಿಸ್‌ಗೆ ತಲುಪಬೇಕು. ತಡವಾದರೆ ಈ ವರ್ಷವೂ ಇಲ್ಲ.

ಒಂದಡಿ ಅಗಲದ ರಟ್ಟಿನ ಮೇಲೆ ಹತ್ತಿಯ ಆಕಾಶಗಂಗೆ ಸಿದ್ಧವಾಗಿತ್ತು: ನಡುವೆ ಅಡ್ಡಪಟ್ಟಿ, ಅದರ ಎರಡು ತುದಿಯಿಂದ ಸುರುಳಿ ಸುತ್ತಿದ ತೋಳುಗಳು. ಒಂದೂವರೆ ಅಡಿ, ಎರಡಡಿ ದೂರದಲ್ಲಿ ಎರಡು ಮರಿ ಗ್ಯಾಲಕ್ಸಿಗಳು. ದೊಡ್ಡ ನೆರೆಯವಳಾದ ಆ್ಯಂಡ್ರೊಮಿಡಾ ಮಾತ್ರ ಲೆಕ್ಕದ ಪ್ರಕಾರ ಇಪ್ಪತ್ತೈದಡಿ ಆಚೆ ಇರಬೇಕು. ಹಾಲ್ ಹದಿನಾಲ್ಕು ಅಡಿಗೇ ಮುಗಿದುಹೋಯಿತು.

“ಇನ್ನೂ ಚಿಕ್ಕದು ಮಾಡ್ಬಹುದಿತ್ತಲ್ಲ?” ಎಂದ ಗಂಡ.

“ನೀವು ಸುಮ್ನಿರಿ. ಮೂರು ದಿನ ಅಂಟು ಮೆತ್ಕೊಂಡಿದ್ದು ನಾನು.”

ಹೊರಗಿನ ಕಾರಿಡಾರ್ ಐದಡಿ. ಉಳಿದ ಆರಡಿ ಎದುರುಮನೆ ಆಂಟಿಯ ಹಾಲ್‌ನೊಳಗೆ. ಅವರೊಂದಿಗೆ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಆಂಟಿ ತಮ್ಮ ಚಪ್ಪಲಿ ಸ್ಟ್ಯಾಂಡನ್ನು ದಿನಕ್ಕೊಂದು ಬೆರಳಿನಷ್ಟು ಈ ಕಡೆ ತಳ್ಳುತ್ತಾರೆಂಬುದು ಇವಳ ದೃಢವಾದ ಅನುಮಾನ. ಟೇಪು ನೆಲಕ್ಕೆ ತಾಗಿದ್ದೇ ತಡ, ಎದುರಿನ ಬಾಗಿಲು ಎರಡು ಬೆರಳಷ್ಟು ತೆರೆಯಿತು.

“ಏನಮ್ಮಾ ಅಳೀತಿದೀಯ?”

“ಗ್ಯಾಲಕ್ಸಿ, ಆಂಟಿ.”

“ಓಹೋ. ಹೋದ್ಸಲ ಚಪ್ಪಲಿ ಸ್ಟ್ಯಾಂಡು ಅಂದಿದ್ದೆ.”

“ನಿಮ್ಮ ಹಾಲ್‌ನಲ್ಲಿ ಆರಡಿ ಬೇಕಿತ್ತು.”

“ಹೊರಗಿಂದು ಸಾಲ್ದು ಅಂತ ಒಳಗಿಂದಕ್ಕೂ ಕೈ ಹಾಕಿದ್ಯಾ?”

ಪುಟ್ಟಿ ಎರಡೂ ಕೈ ಜೋಡಿಸಿದ ಮೇಲೆ ಆಂಟಿಯ ಮನಸ್ಸು ಕರಗಿತು, ಅನುಮಾನ ಕರಗಲಿಲ್ಲ. ಟೇಪಿನ ಒಂದು ತುದಿ ತಮ್ಮ ಕೈಯಲ್ಲೇ ಇರಬೇಕೆಂದು ಹಟ ಹಿಡಿದರು. ಇನ್ನೊಂದು ತುದಿಯನ್ನು ಇವಳು ಬಿಡಲೊಲ್ಲಳು.

“ಎಳೀಬೇಡಿ ಆಂಟಿ, ಅರ್ಧ ಇಂಚು ಹೋಯ್ತು.”

“ಎಳೀತಿರೋಳು ನೀನು.”

ಗಡಿಯಾರ ಐದಕ್ಕೆ ಎರಡು ನಿಮಿಷ ತೋರಿಸುತ್ತಿತ್ತು. ಗಂಡ ಕಿಟಕಿಗೆ ಬೆನ್ನು ಆನಿಸಿ ಫೋಟೋ ಹೊಡೆದು, ನೋಡದೆಯೇ ಕಳಿಸಿಬಿಟ್ಟ.

ಐದು ನಿಮಿಷದಲ್ಲಿ ಮಿಸ್ ಫೋನು. ಪುಟ್ಟಿ ಸ್ಪೀಕರ್ ಒತ್ತಿದಳು.

“ಫೋಟೋ ಬಂತು ಪುಟ್ಟಿ. ಆದ್ರೆ ಗ್ಯಾಲಕ್ಸಿ ಒಂದೂ ಕಾಣ್ತಿಲ್ಲ. ಮಧ್ಯದಲ್ಲಿ ಟೇಪ್ ಹಿಡ್ಕೊಂಡು ಗುರಾಯಿಸ್ತಿರೋ ಹೆಂಗಸರಿಬ್ಬರು ಯಾರು?”

ಪುಟ್ಟಿ ಅಮ್ಮನನ್ನು ನೋಡಿದಳು, ಆಂಟಿಯನ್ನು ನೋಡಿದಳು.

“ಅಳತೆ ಗೊತ್ತಾಗ್ಲಿ ಅಂತ ಇಟ್ಟಿರೋದು, ಮಿಸ್.”



“ಸರಿ. ಹಾಗಾದ್ರೆ ನಾಳೆ ಪ್ರದರ್ಶನಕ್ಕೆ ಅವರಿಬ್ಬರನ್ನೂ ತಗೊಂಡು ಬಾ.”