ವಧುವನ್ನೂ ಫೋಟೋದಲ್ಲಿ ಸೇರಿಸಿಕೊಳ್ಳುವ ಬಗ್ಗೆ

ಇಲಾಖೆ (ಹೆಸರು ಮೇಲಿನವರ ಪರಿಶೀಲನೆಯಲ್ಲಿದೆ)
ಎರಡನೆಯ ಮಹಡಿ, ಜಯನಗರ, ಬೆಂಗಳೂರು

ಸಂಖ್ಯೆ: ಮದು/ವಿದೇ/ಫೋಟೋ/36/83-84
ದಿನಾಂಕ: 19-9-1983

ಸುತ್ತೋಲೆ

ವಿಷಯ: ಮದುವೆಗಳಿಗೆ ವಿದೇಶಿ ಸ್ವಯಂಸೇವಕರನ್ನು ಕರೆಯುವಾಗ ಅನುಸರಿಸಬೇಕಾದ ಕ್ರಮಗಳು ಹಾಗೂ ಅಂಥ ಮದುವೆಗಳ ಫೋಟೋಗಳಲ್ಲಿ ವಧುವಿಗೂ ಸ್ಥಳಾವಕಾಶ ಕಲ್ಪಿಸುವ ಬಗ್ಗೆ.

ಉಲ್ಲೇಖ:
(1) ಸೌ. ವಾರಿಜಾಳ ಮದುವೆಯ ಆಲ್ಬಂ, ಪುಟ 1ರಿಂದ 18.
(2) ಫೋಟೋಗ್ರಾಫರ್ ಶ್ರೀ ಜಯಸಿಂಹ ಅವರ ಮೌಖಿಕ ಹೇಳಿಕೆ.
(3) ಶ್ರೀಮತಿ ಗಿರಿಜಾದೇವಿ ಅವರ ಮೌನ, ದಿನಾಂಕ 12-6-1983ರಿಂದ 14-9-1983ರವರೆಗೆ.

ಪ್ರಸ್ತಾವನೆ:

ಇದೇ ಕಚೇರಿಯ ಅಧೀಕ್ಷಕರಾದ ಶ್ರೀ ಪರಮಶಿವಯ್ಯನವರ (ಮುಂದೆ ‘ಸದರಿ ತಂದೆ’ ಎಂದು ಕರೆಯಲಾಗುವುದು) ಒಬ್ಬಳೇ ಮಗಳು ವಾರಿಜಾಳ (ಮುಂದೆ ‘ಸದರಿ ವಧು’) ಮದುವೆಯು 22-5-1983ರ ಭಾನುವಾರ ಶ್ರೀನಗರದ ಒಂದು ಛತ್ರದಲ್ಲಿ ನೆರವೇರಿತು. ತಮ್ಮ ಕಡೆಯಿಂದ ಶಾಸಕರೊಬ್ಬರು ಬರುತ್ತಾರೆಂದು ಗಂಡಿನ ಕಡೆಯವರು ನಿಶ್ಚಿತಾರ್ಥದ ದಿನವೇ ಎರಡು ಸಲ ಹೇಳಿದ್ದರು. ಇದಕ್ಕೆ ಸರಿಸಮನಾಗಿ ಏನನ್ನಾದರೂ ತೋರಿಸದಿದ್ದರೆ ಹೆಣ್ಣಿನ ಕಡೆಯವರ ಮರ್ಯಾದೆ ಏನಾಗಬೇಕು ಎಂದು ಸದರಿ ತಂದೆ ಹದಿನೈದು ದಿನ ಊಟ ರುಚಿಸದೆ ಓಡಾಡಿದರು. ಹೀಗಿರುವಾಗ, ಸುಬ್ರಹ್ಮಣ್ಯಪುರದ ಶಾಲೆಗೆ ಸುಣ್ಣ ಬಳಿಯಲು ಡೆನ್ಮಾರ್ಕಿನಿಂದ ಬಂದಿದ್ದ ಇಬ್ಬರು ಸ್ವಯಂಸೇವಕರು ಬನಶಂಕರಿಯ ಬಸ್ ಸ್ಟಾಪಿನಲ್ಲಿ ಅವರ ಕಣ್ಣಿಗೆ ಬಿದ್ದರು. ಒಬ್ಬ ಮಾರ್ಟಿನ್, ಎತ್ತರ ಆರು ಅಡಿ ನಾಲ್ಕು ಅಂಗುಲ. ಇನ್ನೊಬ್ಬಳು ಕಿರ್ಸ್ಟೆನ್, ಶಾಲೆಯ ಮಕ್ಕಳ ಜೊತೆಯಲ್ಲೇ ಕೂತು ಕನ್ನಡ ಅಕ್ಷರ ಕಲಿಯುತ್ತಿದ್ದವಳು. ಅರಿಶಿನ ಹಚ್ಚಿದ ಲಗ್ನಪತ್ರಿಕೆ ಅಲ್ಲೇ ಅವರ ಕೈ ಸೇರಿತು. ಆ ಹೊತ್ತಿಗೆ ಸದರಿ ವಧುವಿನ ಸ್ವಂತ ಸೋದರತ್ತೆಗೆ ಪತ್ರಿಕೆ ತಲುಪಿರಲಿಲ್ಲ.

ಶಾಸಕರು ಬರಲಿಲ್ಲ. ಸ್ವಯಂಸೇವಕರು ಬಂದರು. ಅದೂ ಪತ್ರಿಕೆಯಲ್ಲಿ ಅಚ್ಚಾಗಿದ್ದ ಹೊತ್ತಿಗೆ ಸರಿಯಾಗಿ ಬಂದದ್ದರಿಂದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ಯಾರೂ ಇರಲಿಲ್ಲ.

2-6-1983ರಂದು ಆಲ್ಬಂ ಮನೆಗೆ ಬಂತು. ಕಲರ್ ರೀಲು ಒಂದೇ, ಫೋಟೋ ಮೂವತ್ತಾರು. ಪರಿಶೀಲಿಸಲಾಗಿ, ಹನ್ನೊಂದರಲ್ಲಿ ಸ್ವಯಂಸೇವಕರ ಹೆಗಲ ಮೇಲೆ ಕೈ ಹಾಕಿ ಸದರಿ ತಂದೆ ನಿಂತಿರುವುದು, ಎಂಟರಲ್ಲಿ ಸ್ವಯಂಸೇವಕರು ಕೈಯಿಂದ ಸಾರನ್ನ ಉಣ್ಣುತ್ತಿರುವುದು, ಐದರಲ್ಲಿ ಮಾರ್ಟಿನ್ ಪೇಟ ತೊಟ್ಟಿರುವುದು ಕಂಡುಬಂದಿದೆ. ವರನ ಚಿಕ್ಕಪ್ಪನಿಗೆ ಮೂರು, ಯಾರದೋ ಸ್ಕೂಟರಿಗೆ ಎರಡು, ಅಡುಗೆಯವರ ಕೊಳಗಕ್ಕೆ ಎರಡು ಫೋಟೋ ಸಂದಿವೆ. ಎಲ್ಲದರಲ್ಲೂ ಸ್ವಯಂಸೇವಕರು ಇದ್ದಾರೆ. ಕಿರ್ಸ್ಟೆನ್ ಮೂರು ಬೇರೆ ಬೇರೆ ಕೋನಗಳಿಂದ ನಮಸ್ಕಾರ ಮಾಡಿದ್ದಾಳೆ. ಧಾರೆಯ ಫೋಟೋ ಒಂದೇ ಒಂದಿದ್ದು, ಅದರಲ್ಲಿ ಬಗ್ಗಿ ನೋಡುತ್ತಿರುವ ಮಾರ್ಟಿನ್‌ನ ಬೆನ್ನು, ಒಂದು ತೆಂಗಿನಕಾಯಿ ಮತ್ತು ಸದರಿ ವಧುವಿನ ಮೂರು ಬೆರಳುಗಳು ಸ್ಪಷ್ಟವಾಗಿ ಮೂಡಿವೆ. ಮೂವತ್ತಾರನೆಯದು ಬೆಳಕು ಹೊಕ್ಕು ಹಾಳಾಗಿದೆ. ಸದರಿ ವಧು ಅದರಲ್ಲಿ ಇದ್ದಿರಬಹುದೆಂದು ಜಯಸಿಂಹ ಅವರು ಭರವಸೆ ನೀಡಿದ್ದಾರೆ.

ವಿಚಾರಿಸಲಾಗಿ ಅವರು ಕೊಟ್ಟ ಹೇಳಿಕೆ: “ನೀವೇ ತಾನೇ ಸಾರ್ ಹೇಳಿದ್ದು? ಪ್ರತಿಯೊಂದ್ರಲ್ಲೂ ಫಾರಿನರ್ಸ್ ಬೀಳ್ಬೇಕು ಅಂತ. ಹುಡುಗೀದು ಅಂದ್ರೆ, ‘ಅವಳೆಲ್ಲಿಗೆ ಹೋಗ್ತಾಳಪ್ಪ, ಮನೆಯವಳೇ, ಆಮೇಲೆ ತೆಗಿ’ ಅಂದ್ರಿ. ಆಮೇಲೆ ರೀಲೇ ಮುಗೀತು.” ಈ ಹೇಳಿಕೆಯನ್ನು ಅಲ್ಲಗಳೆಯಲು ಸದರಿ ತಂದೆಯ ಬಳಿ ಯಾವ ದಾಖಲೆಯೂ ಇರುವುದಿಲ್ಲ.

ಸದರಿ ವಧು ಆಲ್ಬಮನ್ನು ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ ತಿರುವಿ ಹಾಕಿ ಹೇಳಿದ್ದು ಇಷ್ಟು: “ನನ್ನೊಬ್ಬಳದ್ದು ಬೇಡ ಅಪ್ಪ. ನಾನು, ಅಮ್ಮ ಜೊತೇಲಿರೋದು ಒಂದಾದ್ರೂ ಇದ್ದಿದ್ರೆ ಭಿಲಾಯಿಗೆ ತಗೊಂಡ್ಹೋಗ್ತಿದ್ದೆ. ಇರ್ಲಿ ಬಿಡಿ.” ಬಾಡಿಗೆಗೆ ಬಾಸಿಂಗ ತಂದು, ಸ್ಟುಡಿಯೋದಲ್ಲಿ ತಾಯಿ ಮಗಳನ್ನು ನಿಲ್ಲಿಸಿ ಹೊಸದಾಗಿ ತೆಗೆಸೋಣವೆಂದು ಸದರಿ ತಂದೆ ಪ್ರಸ್ತಾಪಿಸಿದರು. “ರೀ, ಮದ್ವೆ ದಿನದ್ದು ಮದ್ವೆ ದಿನಾನೇ ತೆಗೆಸ್ಬೇಕಿತ್ತು,” ಎಂದು ಸದರಿ ವಧುವಿನ ತಾಯಿ ಗಿರಿಜಾದೇವಿಯವರು ಪ್ರಸ್ತಾಪವನ್ನು ತಿರಸ್ಕರಿಸಿದರು. 12-6-1983ರಂದು ಸದರಿ ವಧು ಗಂಡನ ಜೊತೆ ಅವನ ಕೆಲಸದ ಊರಾದ ಭಿಲಾಯಿಯ ರೈಲು ಹತ್ತಿದಳು. ಆಲ್ಬಮನ್ನು ಮನೆಯಲ್ಲೇ ಬಿಟ್ಟು ಹೋದಳು. ರೈಲು ಹೊರಟ ಗಳಿಗೆಯಿಂದ ಉಲ್ಲೇಖ (3) ಜಾರಿಗೆ ಬಂತು.

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ, ದಕ್ಷಿಣ ಬೆಂಗಳೂರಿನ ಎಲ್ಲ ಹೆಣ್ಣು ಹೆತ್ತವರಿಗೆ ಈ ಕೆಳಕಂಡಂತೆ ನಡೆದುಕೊಳ್ಳತಕ್ಕದ್ದೆಂದು ಈ ಮೂಲಕ ತಿಳಿಯಪಡಿಸಲಾಗಿದೆ:

1. ಒಂದು ಮದುವೆಗೆ ಇಬ್ಬರಿಗಿಂತ ಹೆಚ್ಚು ವಿದೇಶಿಯರನ್ನು ಕರೆಯತಕ್ಕದ್ದಲ್ಲ. ಕರೆದವರನ್ನು ಬೇರೆ ಮದುವೆಗೆ ಕಡ ಕೊಡತಕ್ಕದ್ದಲ್ಲ. ಪಕ್ಕದ ಛತ್ರದವರು ಅರ್ಧ ಗಂಟೆಯ ಮಟ್ಟಿಗೆ ಮಾರ್ಟಿನ್‌ನನ್ನು ಕೇಳಿ ಪಡೆದಿದ್ದು, ಆತ ಅಲ್ಲಿ ಆರತಿ ಮಾಡಿಸಿಕೊಂಡು, ಎರಡನೆಯ ಸಲ ಉಪ್ಪಿಟ್ಟು ತಿಂದು, ಎರಡು ತೆಂಗಿನಕಾಯಿಯೊಂದಿಗೆ ಮರಳಿರುವುದು ವರದಿಯಾಗಿದೆ.

2. ಒಂದು ತಲೆಗೆ ಒಂದೇ ಪೇಟ. ನಾಲ್ವರು ಬಂಧುಗಳು ಸರದಿಯಂತೆ ನಾಲ್ಕು ಬಗೆಯ ಪೇಟ ಕಟ್ಟಿ, ಯಾವುದು ನಿಜವಾದ ಮೈಸೂರು ಪೇಟ ಎಂದು ಆ ತಲೆಯ ಮೇಲೆಯೇ ಜಗಳ ತೀರ್ಮಾನಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ.

3. ಆರು ಅಡಿಗಿಂತ ಎತ್ತರದ ಅತಿಥಿಗಳನ್ನು ಮಣೆಯ ಮೇಲೆ ಕೂರಿಸತಕ್ಕದ್ದು. ಅವರ ನೆತ್ತಿಯು ವರನ ಬಾಸಿಂಗಕ್ಕಿಂತ ಒಂದು ಗೇಣು ಕೆಳಗಿರುವಂತೆ ಸೋದರಮಾವಂದಿರು ನೋಡಿಕೊಳ್ಳತಕ್ಕದ್ದು. ಅತಿಥಿ ಕೂತರೂ ಎತ್ತರವಿದ್ದಲ್ಲಿ, ವರನಿಗೆ ಇನ್ನೊಂದು ಮಣೆ ಹಾಕತಕ್ಕದ್ದು.

4. ವಿದೇಶಿಯರು ಊಟ ಮಾಡುವುದನ್ನು ನೋಡಲು ಒಂದು ಬಾರಿಗೆ ಐದು ಜನರಿಗೆ ಮಾತ್ರ ಅವಕಾಶ. ಬಾಳೆಎಲೆಯ ಎದುರು ಕುಕ್ಕರಗಾಲಿನಲ್ಲಿ ಕೂತು, “ನೋಡ್ರೇ, ಕೈಯಲ್ಲೇ ತಿಂತಾನೆ!” ಎಂದು ಮುನಿಯಕ್ಕ ಎಂಬ ನೆರೆಮನೆಯವರು ಉದ್ಗರಿಸಿದ ಮಾದರಿಯ ಉದ್ಗಾರಗಳನ್ನು ಪಂಕ್ತಿಗೆ ಒಂದರಂತೆ ಮಿತಿಗೊಳಿಸಲಾಗಿದೆ. ಮುನಿಯಕ್ಕನವರೂ ಅರವತ್ತು ವರ್ಷದಿಂದ ಕೈಯಲ್ಲೇ ಉಣ್ಣುತ್ತಿದ್ದು, ಈವರೆಗೆ ಅವರನ್ನು ಯಾರೂ ನೋಡಲು ಬಂದಿಲ್ಲವೆಂಬ ಅವರ ಮನವಿಯನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.

5. ಶಾಸ್ತ್ರಗಳಿಗೆ ವೈಜ್ಞಾನಿಕ ಕಾರಣ ಹೇಳುವ ಬಗ್ಗೆ: ಒಂದು ಶಾಸ್ತ್ರಕ್ಕೆ ಎರಡು ಕಾರಣ ಸಾಕು, ಮತ್ತು ಆ ಎರಡೂ ಒಂದಕ್ಕೊಂದು ತಾಳೆಯಾಗತಕ್ಕದ್ದು. ವಧೂವರರು ಪರಸ್ಪರರ ತಲೆಯ ಮೇಲೆ ಜೀರಿಗೆ ಬೆಲ್ಲ ಇಡುವುದೇಕೆಂದು ಮಾರ್ಟಿನ್ ಕೇಳಿದ್ದಕ್ಕೆ, ಸದರಿ ವಧುವಿನ ಸೋದರಮಾವ ಬೈರಣ್ಣನವರು “ಡೈಜೆಷನ್‌ಗೆ ಭಾಳ ಒಳ್ಳೇದು” ಎಂದಿದ್ದಾರೆ. ತಲೆಯ ಮೇಲೆ ಇಟ್ಟದ್ದು ಹೊಟ್ಟೆಗೆ ಹೇಗೆ ಹೋಗುತ್ತದೆಂದು ಮಾರ್ಟಿನ್ ಪುನಃ ಕೇಳಲಾಗಿ, “ಅದೇ ಸೈನ್ಸು” ಎಂದು ಉತ್ತರಿಸಿದ್ದಾರೆ. ಇನ್ನು ಮುಂದೆ ಕಾರಣ ಗೊತ್ತಿಲ್ಲದಿದ್ದಲ್ಲಿ ‘ಗೊತ್ತಿಲ್ಲ’ ಎನ್ನಬಹುದು. ಹಾಗೆನ್ನಲು ಮನೆಯ ಹಿರಿಯರ ಲಿಖಿತ ಅನುಮತಿ ಪಡೆದಿರತಕ್ಕದ್ದು.

6. “ಹೌ ಡು ಯು ಲೈಕ್ ಇಂಡಿಯಾ?” ಎಂಬ ಪ್ರಶ್ನೆಯನ್ನು ಪ್ರತಿ ಬಂಧುವೂ ಬೇರೆ ಬೇರೆ ಕೇಳತಕ್ಕದ್ದಲ್ಲ. ಅತಿಥಿಯ ಉತ್ತರವನ್ನು ಒಮ್ಮೆ ಬರೆಸಿಕೊಂಡು ಕೈ ತೊಳೆಯುವ ಜಾಗದಲ್ಲಿ ಅಂಟಿಸತಕ್ಕದ್ದು.

7. ಧಾರೆ ಎರೆಯುವ ತಂದೆಯು ನೀರಿನ ಕಡೆ ನೋಡತಕ್ಕದ್ದು. ಫೋಟೋಗ್ರಾಫರನ ಕಡೆ ನೋಡತಕ್ಕದ್ದಲ್ಲ. ಸದರಿ ತಂದೆಯು ಕ್ಯಾಮೆರಾಕ್ಕೆ ಮುಖ ಕೊಟ್ಟು ನಕ್ಕ ಪರಿಣಾಮವಾಗಿ, ಧಾರೆಯ ನೀರು ಮಗಳು ಅಳಿಯನ ಕೈ ತಪ್ಪಿ ಬೀಗರ ರೇಷ್ಮೆ ಪಂಚೆಯ ಮೇಲೆ ಬಿದ್ದಿರುತ್ತದೆ. ಕ್ಯಾಮೆರಾದ ಬಲ್ಬು ಹತ್ತಲಿಲ್ಲವೆಂಬ ಕಾರಣಕ್ಕೆ “ಸ್ವಾಮಿ, ಇನ್ನೊಂದ್ಸಲ” ಎಂದು ಪುರೋಹಿತರನ್ನು ಕೇಳಿದ್ದೂ, ಗಟ್ಟಿಮೇಳವನ್ನು ಎರಡು ಸಲ ಊದಿಸಿದ್ದೂ, ಮೊದಲ ಸಲಕ್ಕೇ ಎಲ್ಲರ ಅಕ್ಷತೆ ಖಾಲಿಯಾಗಿದ್ದೂ ನಿಜ. ಎರಡೂ ಸಲ ಗಿರಿಜಾದೇವಿಯವರು ಮಗಳನ್ನೇ ನೋಡುತ್ತಿದ್ದರೆಂದು ತಿಳಿದುಬಂದಿದೆ. ಇದನ್ನು ತಿಳಿಸಿದ್ದು ಬೈರಣ್ಣ. ಪಕ್ಕದಲ್ಲೇ ನಿಂತಿದ್ದ ಸದರಿ ತಂದೆಗೆ ಕಂಡಿಲ್ಲ.

8. ಒಂದು ರೀಲಿನ ಮೂವತ್ತಾರು ಫೋಟೋಗಳಲ್ಲಿ ಕನಿಷ್ಠ ಮೂರನ್ನು ವಧುವಿಗೆ ಮೀಸಲಿಡತಕ್ಕದ್ದು. ಮೀಸಲು ಫೋಟೋದಲ್ಲಿ ವಧುವಿನ ಮುಖವು ಪೂರ್ತಿಯಾಗಿ ಇರತಕ್ಕದ್ದು. ಬೆರಳು, ಮೊಣಕೈ, ಜಡೆಯ ಕುಚ್ಚು ಮುಂತಾದವನ್ನು ಮುಖವೆಂದು ಲೆಕ್ಕ ಹಿಡಿಯತಕ್ಕದ್ದಲ್ಲ. ಅರ್ಹ ವಧು ಸಿಗದಿದ್ದಲ್ಲಿ ಮಾತ್ರ ಆ ಸ್ಥಾನವನ್ನು ಸ್ಕೂಟರಿಗೆ ಕೊಡಬಹುದು.

9. ಈ ಕ್ರಮಗಳ ನಂತರವೂ ವಧು ಯಾವ ಫೋಟೋದಲ್ಲೂ ಕಾಣದಿದ್ದಲ್ಲಿ, ‘ಈಕೆಯು ತನ್ನ ಮದುವೆಗೆ ಖುದ್ದಾಗಿ ಹಾಜರಿದ್ದಳು’ ಎಂದು ಇಬ್ಬರು ಗೆಜೆಟೆಡ್ ಅಧಿಕಾರಿಗಳಿಂದ ದೃಢೀಕರಣ ಪತ್ರ ಪಡೆದು ಆಲ್ಬಮಿನ ಮೊದಲ ಪುಟದಲ್ಲಿ ಅಂಟಿಸತಕ್ಕದ್ದು. ಸದರಿ ತಂದೆಯು ಇಂಥದೊಂದು ಪತ್ರವನ್ನು ಟೈಪ್ ಮಾಡಿಸಿ, ಮೊಹರು ಹಾಕಿಸಿ, ಜುಲೈ ತಿಂಗಳಲ್ಲಿ ರಿಜಿಸ್ಟರ್ಡ್ ಅಂಚೆಯ ಮೂಲಕ ಭಿಲಾಯಿಗೆ ಕಳುಹಿಸಿದ್ದಾರೆ. ತಮಾಷೆಗೆ ಕಳುಹಿಸಿದ್ದಲ್ಲ. ಇಪ್ಪತ್ತೆಂಟು ವರ್ಷದ ಸರ್ವಿಸಿನಲ್ಲಿ, ತಪ್ಪಾಯಿತು ಎಂದು ಬರೆಯುವ ಬೇರೆ ನಮೂನೆ ಅವರ ಕೈಗೆ ಬಂದಿರಲಿಲ್ಲ. ಉತ್ತರ ಬಂದಿತು: “ಅಪ್ಪ, ಪತ್ರ ಸಿಕ್ತು. ಅಮ್ಮ ಹೇಗಿದ್ದಾಳೆ?”

ಹೆಚ್ಚುವರಿ ಟಿಪ್ಪಣಿ:

14-9-1983ರಂದು ಡೆನ್ಮಾರ್ಕಿನಿಂದ ಕಚೇರಿಯ ವಿಳಾಸಕ್ಕೆ ಒಂದು ಲಕೋಟೆ ಬಂತು (ಸ್ವೀಕೃತಿ ಸಂಖ್ಯೆ 1107). ತಮ್ಮದೇ ಫೋಟೋಗಳಿರಬಹುದೆಂಬ ನಂಬಿಕೆಯಿಂದ ಸದರಿ ತಂದೆಯು ಗುಮಾಸ್ತ ಸೀನು ಆದಿಯಾಗಿ ಎಲ್ಲ ಸಿಬ್ಬಂದಿಯನ್ನೂ ಮೇಜಿನ ಸುತ್ತ ಕರೆಸಿ, ಎಲ್ಲರೆದುರಿಗೆ ಒಡೆದರು. ಒಳಗೆ ಫೋಟೋ ಇದ್ದದ್ದು ಒಂದು. ಕಿರ್ಸ್ಟೆನ್ ತನ್ನ ಪುಟ್ಟ ಕ್ಯಾಮೆರಾದಲ್ಲಿ ತೆಗೆದದ್ದು.

ಅದರಲ್ಲಿ ಛತ್ರದ ಉಗ್ರಾಣದ ಕೋಣೆ. ಮೂಲೆಯಲ್ಲಿ ಬಾಳೆಎಲೆಯ ಕಂತೆ. ಮಗುಚಿ ಹಾಕಿದ ಕೊಳಗದ ಮೇಲೆ ವಾರಿಜಾ ಕೂತಿದ್ದಾಳೆ, ಬಾಸಿಂಗ ಒಂದು ಕಡೆಗೆ ಜಾರಿದೆ. ಬೆಳಗಿನಿಂದ ಉಪವಾಸವಿದ್ದವಳ ಬಾಯಿಗೆ ಗಿರಿಜಾದೇವಿ ಮೊಸರನ್ನದ ತುತ್ತು ಇಡುತ್ತಿದ್ದಾರೆ, ಸೀರೆ ಹಾಳಾಗದಂತೆ ಇನ್ನೊಂದು ಕೈಯನ್ನು ಗಲ್ಲದ ಕೆಳಗೆ ಹಿಡಿದಿದ್ದಾರೆ. ಇಬ್ಬರೂ ಏನಕ್ಕೋ ಜೋರಾಗಿ ನಗುತ್ತಿದ್ದಾರೆ. ಏನಕ್ಕೆಂದು ಪರಮಶಿವಯ್ಯನವರಿಗೆ ಗೊತ್ತಿಲ್ಲ. ಆ ಹೊತ್ತಿನಲ್ಲಿ ಅವರು ಹೊರಗೆ ಚಪ್ಪರದ ಕೆಳಗೆ ಮಾರ್ಟಿನ್‌ಗೆ ಮೂರನೆಯ ಪೇಟ ಕಟ್ಟಿಸುತ್ತಿದ್ದರು.

ಫೋಟೋದ ಹಿಂದೆ, ಎರಡನೆಯ ಕ್ಲಾಸಿನ ಮಕ್ಕಳಂತೆ ಗುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದೆ: “ನೀವು ಎಲ್ಲರೂ ನಮ್ಮನ್ನು ನೋಡಿದಿರಿ. ನಾನು ಮದುವೆ ನೋಡಲು ಬಂದೆ. ವಾರಿಜಾಗೆ ಕೊಡಿ.”

ಸಿಬ್ಬಂದಿಯವರು ತಂತಮ್ಮ ಸ್ಥಾನಗಳಿಗೆ ಮರಳಿದರು. ಪರಮಶಿವಯ್ಯನವರಿಗೆ ನಾಚಿಕೆಯಾಯಿತು. ಕಡತದಲ್ಲಿ ಬರೆಯಲು ಇದಕ್ಕಿಂತ ಮೃದುವಾದ ಪದ ಹುಡುಕಿದರೂ ಸಿಗಲಿಲ್ಲ. ಅವರು ಅರ್ಧ ದಿನದ ರಜೆ ಬರೆದಿಟ್ಟು ಮನೆಗೆ ಹೋಗಿರುತ್ತಾರೆ.

ಈ ಸುತ್ತೋಲೆಯು ಮುಂದಿನ ಲಗ್ನದಿಂದಲೇ ಜಾರಿಗೆ ಬರತಕ್ಕದ್ದು. ಪಾಲಿಸದವರಿಗೆ ಶಿಕ್ಷೆಯನ್ನು ನಿಗದಿಪಡಿಸುವ ಅಗತ್ಯವಿಲ್ಲ, ಅದು ಆಲ್ಬಂ ಬಂದ ದಿನ ತಾನಾಗಿಯೇ ಆಗುತ್ತದೆ.

ಸಹಿ/-
(ಪರಮಶಿವಯ್ಯ)
ಅಧೀಕ್ಷಕರು ಹಾಗೂ ವಾರಿಜಾಳ ತಂದೆ

ಪ್ರತಿಗಳು:
1. ಶ್ರೀನಗರ, ಹನುಮಂತನಗರ, ಕುಮಾರಸ್ವಾಮಿ ಲೇಔಟ್ ಸುತ್ತಮುತ್ತಲ ಎಲ್ಲ ಛತ್ರಗಳ ಮ್ಯಾನೇಜರುಗಳಿಗೆ, ಗೋಡೆಗೆ ಮೊಳೆ ಹೊಡೆಯದೆ ಪ್ರಕಟಿಸಲು.
2. ಶ್ರೀ ಜಯಸಿಂಹ, ಫೋಟೋಗ್ರಾಫರ್, ಬನಶಂಕರಿ: ದೋಷಮುಕ್ತಗೊಳಿಸಲಾಗಿದೆ.
3. ಶ್ರೀ ಬೈರಣ್ಣ, ಸೋದರಮಾವ: ಜೀರಿಗೆ ಬೆಲ್ಲದ ಬಗ್ಗೆ ಸ್ಪಷ್ಟೀಕರಣ ನೀಡಲು.
4. ಮಾನ್ಯ ಶಾಸಕರಿಗೆ, ಬಾರದೆ ಇದ್ದುದಕ್ಕಾಗಿ ವಂದನೆಗಳೊಂದಿಗೆ.
5. ಕುಮಾರಿ ಕಿರ್ಸ್ಟೆನ್, ಡೆನ್ಮಾರ್ಕ್: ಕಾಗುಣಿತದಲ್ಲಿ ತಪ್ಪಿಲ್ಲ.
6. ಶ್ರೀಮತಿ ಗಿರಿಜಾದೇವಿ, ಅಡುಗೆಮನೆ: ಫೋಟೋ ನೋಡಿ, ಸೆರಗಿನಲ್ಲಿ ಒರೆಸಿ, “ಇದನ್ನ ಇವತ್ತೇ ಪೋಸ್ಟ್ ಮಾಡಿ. ಕಾಫಿ ಕುಡ್ಕೊಂಡು ಹೋಗಿ,” ಎಂದಿರುವುದರಿಂದ ಉಲ್ಲೇಖ (3) ಮುಕ್ತಾಯಗೊಂಡಿದೆ.
7. ಸೌ. ವಾರಿಜಾ, ಭಿಲಾಯಿ. ಅಡಕ: ಫೋಟೋ ಒಂದು, ಮೂಲಪ್ರತಿ. ದೃಢೀಕರಣ ಪತ್ರವನ್ನು ಹಿಂಪಡೆಯಲಾಗಿದೆ.
8. ಕಚೇರಿ ಪ್ರತಿ: ಅದೇ ಫೋಟೋದ ನಕಲು, ಅಧೀಕ್ಷಕರ ಮೇಜಿನ ಗಾಜಿನ ಕೆಳಗೆ. ಅಲ್ಲಿದ್ದ, ಹೆಗಲ ಮೇಲೆ ಕೈ ಹಾಕಿದ ಹನ್ನೊಂದನ್ನು ತೆಗೆಯಲಾಗಿದೆ.