ಅಂಚಿಲ್ಲದ ಆರು ಚಿತ್ರಗಳು

ಮೊದಲೇ ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟವಳಾದ್ದರಿಂದ ದೊಡ್ಡ ಮಾತುಗಳೂ ಬರುವುದಿಲ್ಲ. ಮೂರು ಸಲ ತಿದ್ದಿ ಬರೆದಿದ್ದೇನೆ. ಆದರೂ ಸಾಲು ಓರೆಯಾಗಿದ್ದರೆ ಓದುವವರು ತಲೆಯನ್ನು ತುಸು ವಾಲಿಸಿಕೊಳ್ಳಬೇಕು.

ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ದುಡಿಯುವ ಅಮೃತಪ್ಪನ ಹೆಂಡತಿ ಸುಂದರಮ್ಮನ ಸಿಟ್ಟಿನ ಕತೆ ಇದು. ಸಿಟ್ಟು ಆಕೆಗೆ ದಿನಾಲೂ ಬರುತ್ತದೆ. ನಿನ್ನೆ ಶುಕ್ರವಾರ ಮಾತ್ರ ಛತ್ರ ಚಾಮರಗಳೊಂದಿಗೆ, ಸಪರಿವಾರವಾಗಿ ಬಂತು.

ಸುಂದರಮ್ಮ ಓದು ಕಲಿತದ್ದು ಮದುವೆಯಾದ ಮೇಲೆ, ಮಗಳ ಪಕ್ಕ ಕುಳಿತು, ಒಂದು ಮಕ್ಕಳ ಪುಸ್ತಕದಿಂದ. ಅದರಲ್ಲಿ ರುಮಾಲು ಸುತ್ತಿದ ಆಡೊಂದು ಬಸ್ಸಿಗೆ ಕಾಯುತ್ತ ನಿಂತ ಚಿತ್ರವಿತ್ತು. ಬರೆದವರು ಗುಲಾಮ ದಸ್ತಗೀರ. ಆಡಿನ ಮುಖ ನೋಡಿ ನಕ್ಕ ಸುಂದರಮ್ಮ, ಕೆಳಗಿನ ಸಾಲು ಏನೆಂದು ತಿಳಿಯಲೇಬೇಕೆಂಬ ಹಟಕ್ಕೆ ಅಕ್ಷರ ಕಲಿತಳು. ಮುಂದೆ ಅದೇ ಚಿತ್ರಗಾರರು ಆರು ಪ್ರಾಣಿಗಳ ದೊಡ್ಡ ಚಿತ್ರಗಳನ್ನು ಅಚ್ಚು ಹಾಕಿಸಿದರು. ಒಂದೊಂದೂ ನೂರೇ ಪ್ರತಿ. ಆಮೇಲೆ ಅಚ್ಚನ್ನೇ ಒಡೆದುಹಾಕಿದರು. ಪ್ರತಿಯೊಂದರ ಕೆಳ ಅಂಚಿನಲ್ಲಿ ಅವರೇ ಪೆನ್ಸಿಲಿನಿಂದ ನಂಬರು ಹಾಕಿ ಸಹಿ ಮಾಡಿದ್ದರು. ಸುಂದರಮ್ಮ ಎರಡು ವರ್ಷ ಕಾದು ಆರನ್ನೂ ಟಪಾಲಿನಲ್ಲಿ ತರಿಸಿದಳು. ಆರಕ್ಕೂ ಒಂದೇ ನಂಬರು: ನೂರರಲ್ಲಿ ಇಪ್ಪತ್ಮೂರು. ಟ್ರಂಕಿನಲ್ಲಿ ರೇಶ್ಮೆ ಸೀರೆ ಕೆಳಗೆ, ಇವು ಮೇಲೆ.

ಈಗ ಅವರಿಂದ ಕಾಗದ ಬಂದಿತ್ತು. ಭಾನುವಾರ ಕಲಬುರ್ಗಿಗೆ ಬರುತ್ತಾರೆ. ಒಂದೇ ನಂಬರಿನ ಆರೂ ಚಿತ್ರ ತಂದು ತೋರಿಸಿದವರಿಗೆ ಆ ಆಡನ್ನು ಎದುರಿಗೇ ಕುಳಿತು ಕೈಯಾರೆ ಬರೆದುಕೊಡುತ್ತಾರೆ. ಸುಂದರಮ್ಮ ಗೋಡೆಯ ಮೇಲೆ ಆಡಿಗಾಗಿ ಮೊಳೆ ಕೂಡ ಹೊಡೆದಾಗಿತ್ತು.

ನಿನ್ನೆ ಆಕೆ ಸುಲೇಪೇಟದ ತವರಿಗೆ ಹೋಗಿ ಸಂಜೆ ಬಸ್ಸಿಗೆ ಮರಳಿದಳು. ನಡುಮನೆಯಲ್ಲಿ ಆರು ಚೌಕಟ್ಟುಗಳು ಸಾಲಾಗಿ ಹೊಳೆಯುತ್ತಿದ್ದವು.

"ಹೆಂಗದ?" ಎಂದ ಅಮೃತಪ್ಪ, ಹಲ್ಲು ಕಿಸಿದು. "ಮಜೀದಸಾಬನ ಅಂಗಡ್ಯಾಗಿನ ಚೌಕಟ್ಟು. ಕಾಚಿಂದು, ಗಾಜು ಹಾಕಿದ್ದು!"

ಸುಂದರಮ್ಮ ಮೊದಲು ನಕ್ಕಳು. ಆಮೇಲೆ ಬಗ್ಗಿ ನೋಡಿದಳು.

"ನಂಬರು ಎಲ್ಲದರೀ?"

"ಯಾವ ನಂಬರು?"

"ಕೆಳಗ ಪೆನ್ಸಿಲ್‌ಲೆ ಬರದಿದ್ದು!"

"ಅದಾ? ತಗದು ಹಾಕೀನಿ. ಚಿತ್ರ ಭಾಳ ಉದ್ದ ಆಗಿದ್ದುವು. ಮೂಲೆಮಟ್ಟ ಇಟ್ಟು ನಾಕೂ ಅಂಚು ಕೊಯ್ದೀನಿ. ಒಂದು ಎಳಿ ಸೊಟ್ಟ ಇದ್ದರ ತೋರ್ಸು."

(ಕಾರ್ಖಾನೆಯ ರೀತಿಯೇ ಹಾಗೆ. ಗಣಿಯಿಂದ ಬಂದ ಹಾಸುಗಲ್ಲಿನ ಅಂಚಿಗೆ ಪೆನ್ಸಿಲಿನಿಂದ ನಂಬರು ಬರೆದಿರುತ್ತಾರೆ. ಅಂಚು ಕೊಯ್ದು ನಂಬರು ಹೋದ ಮೇಲೆಯೇ ಅದು ಪಕ್ಕಾ ಮಾಲು. ಇಪ್ಪತ್ತು ವರ್ಷ ಅದನ್ನೇ ಮಾಡಿದ ಕೈ.)

"ನಂಬರು ಉಳಿಸಿ ಮಾಲು ಕಳಿಸಿದರ ಮುಕಾದಮ ಸುಮ್ಮನ ಬಿಡ್ತಾನೇನು?" ಎಂದ ಅಮೃತಪ್ಪ.

"ನಿಮ್ಮ ಮುಕಾದಮನ ಮಾರಿಗಿ ಬೆಂಕಿ ಹತ್ತಲಿ! ಇದೇನು ಬಚ್ಚಲಕ್ಕ ಹಾಸೋ ಫರಸಿ ಅಂತ ತಿಳದೀರೇನು? ನಾಳಿ ನನ್ನ ಹಣಿಬರಹನೂ ಸೊಟ್ಟ ಅದ ಅಂತ ಕೊಯ್ದುಬಿಡ್ತೀರಿ!"

"ಅಲ್ಲ, ಸ್ವಲ್ಪ ಕೇಳು, ಆ ಚೂರು..."

"ತುಟಿ ಪಿಟಕ್ ಅನಬ್ಯಾಡ್ರಿ! ಹೊರಗ ನಡೀರಿ. ನಿಮ್ಮ ಮಾರಿ ನೋಡಿದರ ಇನ್ನಾ ಸಿಟ್ಟು ಏರಾಕತ್ತದ."

ಅಮೃತಪ್ಪ ಹೋಗಿ ಕಟ್ಟೆಯ ಮೇಲೆ ಕುಳಿತ. ಸುಂದರಮ್ಮ ಒಲೆಯ ಮುಂದೆ ಕುಳಿತಳು. ಚಹಾ ಇಲ್ಲದೆ ಆಕೆಗೆ ಬೈಗುಳ ಹೊಂದಿಬರುವುದಿಲ್ಲ. ಕಟ್ಟಿಗೆ ಹಸಿಯಾಗಿತ್ತು.

"ಏ ಹುಡುಗಿ, ಕಂಬದಂಗ ನಿಂತೀಯಲ್ಲ! ರದ್ದಿ ಕಾಗದ ತಾ!"

ಮಗಳು ಅಂಜಿಕೊಂಡು ಗೋಡೆಯ ಮಾಡದಲ್ಲಿದ್ದ ಪೇಪರಿನ ಪೊಟ್ಟಣವೊಂದನ್ನು ತಂದುಕೊಟ್ಟಳು. ಸುಂದರಮ್ಮ ಬಿಚ್ಚಿ ನೋಡಲಿಲ್ಲ, ಹಾಗೇ ಒಲೆಗೆ ತುರುಕಿದಳು. ಉರಿ ಭಗ್ಗನೆ ಎದ್ದಿತು. ಒಂದು ಸಲ ಊದುಗೊಳವೆಯಿಂದ ಊದುವುದು, ಒಂದು ಸಲ ಬಾಗಿಲಿಗೆ ಕೇಳುವಂತೆ ಬೈಯುವುದು. ಬೈಗುಳ ಅತ್ತೆಯ ಮನೆತನ ಮುಗಿಸಿ ಕಾರ್ಖಾನೆಗೆ ಬರುವಷ್ಟರಲ್ಲಿ ಆಕೆಗೆ ಒಂದು ಉಪಾಯ ಹೊಳೆಯಿತು.

"ಕೊಯ್ದ ಚೂರು ಎಲ್ಲಿ ಒಗದೀರಿ? ಗಂಜಿ ಹಚ್ಚಿ ಅಂಟಿಸ್ತೀನಿ. ನಂಬರು ಕಂಡರ ಸಾಕು!"

"ಒಗಿಯಾಕ ನನಗೇನು ಹುಚ್ಚು ಹಿಡದದ?" ಎಂದ ಹೊರಗಿನಿಂದ ಅಮೃತಪ್ಪ. "ಕೊಯ್ದ ತುಂಡು ಒಗಿಬಾರದು ಅಂತ ಕಾರ್ಖಾನ್ಯಾಗ ಕಾಯ್ದೆ ಅದ. ಅದನ್ನೇ ಹೇಳಾಕ ಬಂದರ ನೀ ಬಾಯಿ ತೆರಿಯಾಕ ಬಿಡಲಿಲ್ಲ."

"ಎಲ್ಲಿ ಇಟ್ಟೀರಿ, ಹೇಳ್ರಿ ಮೊದಲ!"

"ಮಾಡದಾಗ. ಪೇಪರ್‌ದಾಗ ಸುತ್ತಿ."

ಸುಂದರಮ್ಮ ಮಾಡವನ್ನು ನೋಡಿದಳು. ಮಗಳನ್ನು ನೋಡಿದಳು. ಕೊನೆಗೆ ಒಲೆಯನ್ನು ನೋಡಿದಳು. ಚಹಾ ಉಕ್ಕಿ ಹರಿಯುತ್ತಿತ್ತು.

ಅಮೃತಪ್ಪ ಬಾಗಿಲಿನಿಂದ ಇಣುಕಿದ. "ಇವತ್ತ ಭಾಳ ಜಲ್ದಿ ಕುದೀತಲ್ಲ! ನನಗೊಂದು ಬಟ್ಟಲ ಹಾಕು."

ಸುಂದರಮ್ಮ ಸೋಸಿ, ಬಟ್ಟಲು ತುಂಬ ಹಾಕಿಕೊಟ್ಟಳು.

ಪೊಟ್ಟಣ ತಂದುಕೊಟ್ಟ ಮಗಳು ನಾನೇ. "ನಿಮ್ಮಪ್ಪ ಕೊಯ್ದ, ನೀ ಸುಟ್ಟಿ" ಎಂದು ಅವ್ವ ಇವತ್ತು ಮುಂಜಾನೆ ತೀರ್ಪು ಕೊಟ್ಟಿದ್ದಾಳೆ. (ಉರಿ ಊದಿದವರ ಹೆಸರು ತೀರ್ಪಿನಲ್ಲಿಲ್ಲ.) ಕಲಬುರ್ಗಿಗೆ ತಾನು ಬರುವುದಿಲ್ಲವಂತೆ, ಹೋಗಿ ಹೇಳಬೇಕಾದವಳು ನಾನಂತೆ. ನಾನು ಪರರ ಮುಂದೆ ಬಾಯಿ ಬಿಟ್ಟವಳಲ್ಲ. ನಾಳೆ ಮುಂಜಾನೆಯ ಗಾಡಿಗೆ ಆರೂ ಚೌಕಟ್ಟು ಹೊತ್ತುಕೊಂಡು ಹೋಗಿ, ದಸ್ತಗೀರ ಅವರ ಕೈಗೆ ಈ ಹಾಳೆಗಳನ್ನು ಕೊಡುತ್ತೇನೆ.